ಆಡಿನ ಸೂಲಗಿತ್ತಿ

ನಮ್ಮ ಮನೆಯಲ್ಲಿ ಮಂದಿಯಿಂದ ಮುಚ್ಚಿಡುವಂಥದ್ದು ಏನೂ ಇರಲಿಲ್ಲ, ಅಪ್ಪನೊಬ್ಬನನ್ನು ಬಿಟ್ಟರೆ. ಹಾಗಂತ ಅಪ್ಪ ಕುಡಿಯುವವನಲ್ಲ, ಇಸ್ಪೀಟು ಆಡುವವನಲ್ಲ, ಅವ್ವನ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ. ಇವುಗಳಲ್ಲಿ ಯಾವುದನ್ನು ಮಾಡಿದ್ದರೂ ಊರು ಹೊಟ್ಟೆಯಲ್ಲಿ ಹಾಕಿಕೊಳ್ಳುತ್ತಿತ್ತು. ಅಂಥ ಗಂಡಸರಿಗೆ ಯಾವ ಊರಿನಲ್ಲೂ ಬರವಿಲ್ಲ. ನಮ್ಮ ಅಪ್ಪ ಆಡುಗಳ ಹೆರಿಗೆ ಮಾಡಿಸುತ್ತಿದ್ದ. ಮೊದಲು ಅವನು ಗಾದಿ ಹೊಲಿಯುವವನಾಗಿದ್ದ. ಹತ್ತಿ ಹಿಂಜುವ ಬಿಲ್ಲನ್ನು ಹೆಗಲ ಮೇಲೆ ಹೊತ್ತು ಕರಜಗಿಯಿಂದ ಸಂಖದ ತನಕ ಊರೂರು ತಿರುಗಿ, ಯಾರ ಮನೆಯಲ್ಲಿ ಮದುವೆ ನಿಕ್ಕಿಯಾಗಿದೆಯೋ ಅವರ ಪಡಸಾಲೆಯಲ್ಲಿ ಕುಳಿತು ಗಾದಿ, ದಿಂಬು ಮಾಡಿಕೊಟ್ಟು ಬರುತ್ತಿದ್ದ. ಅರಳೆಯ ಧೂಳು ಎದೆಗೆ ಇಳಿಯಿತು. ಬದುಕಬೇಕಾದರೆ ಹತ್ತಿ ಬಿಡು ಎಂದು ಡಾಕ್ಟರು ಹೇಳಿದ ಮೇಲೆ ಬಿಲ್ಲು ಗೂಟಕ್ಕೆ ಏರಿತು, ಅವ್ವ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೊರಟಳು, ಅಪ್ಪ ಹಿತ್ತಲಿಗೆ ಇಳಿದ. ಅಲ್ಲಿ ಅವ್ವನ ಎರಡು ಆಡುಗಳೂ ಒಂದಿಷ್ಟು ಕೋಳಿಗಳೂ ಇದ್ದವು. ನಮ್ಮ ಕಡೆ ಎತ್ತು ಗಂಡಸಿನ ಬದುಕು, ಆಡು-ಕೋಳಿ ಹೆಂಗಸಿನ ಬದುಕು. ಕುರುಬರ ಗಂಡಸರು ಹಿಂಡಿನ ಹಿಂದೆ ಹೋಗಿ ಅಡವಿಯಲ್ಲಿ ಮರಿ ಹಿಡಿದರೆ ಅದು ಕಸುಬು. ಮನೆಯ ಗೂಟಕ್ಕೆ ಕಟ್ಟಿದ ಆಡಿನ ಬಾಲದ ಕಡೆ ಒಬ್ಬ ಗಂಡಸು ಕುಕ್ಕರಗಾಲಿನಲ್ಲಿ ಕುಳಿತರೆ ಅದು ನಗೆಪಾಟಲು. ಆ ಕೆಲಸವನ್ನು ಕೆಟ್ಟದಾಗಿ ಮಾಡಿದ್ದರೆ ಮಂದಿ ಪಾಪ ಎಂದು ಸುಮ್ಮನಾಗುತ್ತಿದ್ದರು. ಅಪ್ಪ ಬಹಳ ಚೆನ್ನಾಗಿ ಮಾಡುತ್ತಿದ್ದ, ತೊಂದರೆ ಶುರುವಾದದ್ದೇ ಅಲ್ಲಿಂದ.

ನಾವು ಇಬ್ಬರು ಹೆಣ್ಣುಮಕ್ಕಳು. ಅಕ್ಕ ಹಸೀನಾ ಚೆಲುವೆ, ಅಡುಗೆಮನೆಯಿಂದ ಹಿತ್ತಲಿಗೆ ಕಾಲಿಡಬೇಕಾದರೆ ಓಢಣಿಯಿಂದ ಮೂಗು ಮುಚ್ಚಿಕೊಳ್ಳುವವಳು. ಹಾಗಾಗಿ ಸಣ್ಣವಳು ನಾನು, ಶಮ್ಮೂ, ಅಪ್ಪನ ಪಾಲಿಗೆ ಬಿದ್ದೆ. ಸಾಲೆಗೆ ಹೋಗುವ ಮುಂಚೆ, ಸಾಲೆ ಬಿಟ್ಟ ಮೇಲೆ, ಹಿತ್ತಲ ಬೇವಿನ ಕೆಳಗೆ ಅವನ ಇನ್ನೊಂದು ಸಾಲೆ ನಡೆಯುತ್ತಿತ್ತು. ಕೋಳಿಯನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯಬಾರದು. ಕಾಳು ಹಾಕಿ ಹತ್ತಿರ ಬಂದಾಗ ಎರಡೂ ರೆಕ್ಕೆಗಳನ್ನು ಮೈಗೆ ಒತ್ತಿ ಎತ್ತಬೇಕು. ಕಾಲು ಹಿಡಿದು ತಲೆಕೆಳಗು ತೂಗಾಡಿಸುವುದು ಸಂತೆಯವರ ಚಾಳಿ. ಕಾವಿಗೆ ಕೂತ ಕೋಳಿಯ ಕೆಳಗೆ ಕೈ ಹಾಕುವಾಗ ಅಂಗೈ ಕೆಳಗಿರಲಿ, ಕುಕ್ಕಿದರೆ ಹಿಂಗೈಗೆ ಕುಕ್ಕಲಿ. ಹೊಟ್ಟೆಯುಬ್ಬರಿಸಿದ ಮರಿಗೆ ಬಿದಿರಿನ ಗೊಟ್ಟದಿಂದ ಎಣ್ಣೆ ಕುಡಿಸುವಾಗ ಅದರ ಕತ್ತನ್ನು ಆಕಾಶಕ್ಕೆ ಎತ್ತಬಾರದು, ಎತ್ತಿದರೆ ಎಣ್ಣೆ ಹೊಟ್ಟೆಗೆ ಹೋಗದೆ ಉಸಿರಿನ ದಾರಿಗೆ ಹೋಗುತ್ತದೆ. ಕೆಮ್ಮಿತೋ, ಕೈ ಬಿಡಬೇಕು. ಹುಟ್ಟಿದ ಮರಿಯ ಮೂಗು ಬಾಯಿ ಮಾತ್ರ ನಾವು ಒರೆಸಬೇಕು, ಉಳಿದ ಮೈಯನ್ನು ತಾಯಿ ನೆಕ್ಕಲಿ, ನಾವೇ ಎಲ್ಲ ಒರೆಸಿಬಿಟ್ಟರೆ ಅದು ನನ್ನದಲ್ಲ ಎಂದು ಒದ್ದುಬಿಡುತ್ತದೆ. ಇದನ್ನೆಲ್ಲ ಅಪ್ಪ ಗದರಿ ಹೇಳಿದವನಲ್ಲ. ಕೆಮ್ಮಿನ ನಡುವೆ, ಬೀಡಿ ಬಿಟ್ಟವರಿಗೆ ಇರುವ ಒಂದು ನಮೂನೆಯ ನಿಧಾನದಲ್ಲಿ ಹೇಳುತ್ತಿದ್ದ.

“ಆಡಿನ ಹಂತೇಲಿ ಹಿಂದಿನಿಂದ ಹೋಗಬ್ಯಾಡ. ಮುಂದ ಬಂದು ನಿನ್ನ ಮಾರಿ ತೋರಸು. ಅದಕ್ಕೂ ಗೊತ್ತಾಗ್ಲಿ, ಯಾರ ಬಂದಾರಂತ.”

“ಅದೇನ ಬೀಗರೇನಪಾ, ಮಾರಿ ತೋರ್ಸಾಕ?”

“ಬೀಗರಕಿಂತ ಹೆಚ್ಚವಾ. ಬೀಗರು ಹಾಲ ಕೊಡತಾರೇನು?”

ಅವನ ದೊಡ್ಡ ಪಾಠ ನಡೆದದ್ದು ಒಂದು ತಲೆದಿಂಬಿನ ಗವಸಿನೊಳಗೆ. ಹಳೆಯ ಗವಸೊಂದರ ಆ ತುದಿಯ ಹೊಲಿಗೆ ಬಿಚ್ಚಿ ಅಲ್ಲಿಂದ ಅಪ್ಪ ತನ್ನ ಎರಡೂ ಕೈ ತೂರಿಸುತ್ತಿದ್ದ, ಈ ತುದಿಯಿಂದ ನಾನು ಒಂದು ಕೈ ಹಾಕಬೇಕು. ಕಣ್ಣು ಮುಚ್ಚಬೇಕು. ಸಿಕ್ಕ ಬೆರಳು ಯಾವುದು, ಯಾವ ಕೈಯದು, ಸಿಕ್ಕ ಎರಡು ಬೆರಳುಗಳು ಒಂದೇ ಕೈಯವೋ ಎರಡು ಕೈಯವೋ ಎಂದು ಹೇಳಬೇಕು. ಅವನು ಒಳಗೆ ಬೆರಳುಗಳನ್ನು ಹೆಣೆದು, ಮಡಚಿ, ತಿರುವಿ ಮೋಸ ಮಾಡುತ್ತಿದ್ದ. ಆಡಿನ ಹೊಟ್ಟೆಯಲ್ಲಿ ಎರಡು ಮರಿಗಳಿದ್ದಾಗ ಒಂದರ ಕಾಲು ಇನ್ನೊಂದರ ಕಾಲು ಜೋಡಿಯಾಗಿ ಮುಂದೆ ಬರುವುದುಂಟು. ತಿಳಿಯದೆ ಎರಡನ್ನೂ ಹಿಡಿದು ಎಳೆದರೆ ಎರಡೂ ಮರಿ ಸಾಯುತ್ತವೆ, ಜೊತೆಗೆ ತಾಯಿಯೂ. ಸಿಕ್ಕ ಬೆರಳಿನ ಬೆನ್ನು ಹತ್ತಿ ಮುಂಗೈ ತನಕ ಹೋಗಿ, ಅಲ್ಲಿಂದ ಇಳಿದು ಅದರ ಜೊತೆಗಾರನನ್ನು ಹುಡುಕಬೇಕು. ಹಾಗೇ ಕಾಲಿನದೂ. ಎರಡೂ ಗಂಟು ಒಂದೇ ಕಡೆ ಮಡಚಿದರೆ ಮುಂಗಾಲು, ಒಂದು ಈ ಕಡೆ ಒಂದು ಆ ಕಡೆ ಮಡಚಿದರೆ ಹಿಂಗಾಲು. ನನಗೆ ಇದು ಆಟವಾಗಿತ್ತು. ನಮ್ಮ ಗಡಿಯೂರಿನ ಸಾಲೆಯ ಮರಾಠಿ ಪಾಢೆ, ಅಂದರೆ ಮಗ್ಗಿ, ಬಾಯಿಗೆ ಬರದ ಹುಡುಗಿ ಗವಸಿನೊಳಗೆ ಮಾತ್ರ ಸೋಲುತ್ತಿರಲಿಲ್ಲ.

ಕೆಲಸ ಬಲ್ಲವನ ಹೆಸರು ಕೇರಿಯಿಂದ ಕೇರಿಗೆ ಹೋಗುತ್ತದೆ. ಆಡಿಗೆ ಮರಿ ಸಿಕ್ಕಿಕೊಂಡರೆ ಹೆಂಗಸರು ಅಪ್ಪನನ್ನು ಕರೆಯತೊಡಗಿದರು. ಕರೆದರು ಸರಿ, ಆದರೆ ಪರ ಗಂಡಸನ್ನು ಹಿತ್ತಲಿಗೆ ಬಿಟ್ಟುಕೊಳ್ಳುವುದು ಹೇಗೆ? ಹಿತ್ತಲೆಂದರೆ ಹೆಂಗಸರ ಜಾಗ. ಅಲ್ಲಿ ಬಚ್ಚಲು, ಅಲ್ಲೇ ಬಾಣಂತಿಯರ ಬಿಸಿಲು. ಅದಕ್ಕೊಂದು ಹಾದಿಯನ್ನು ಅವರೇ ಕಂಡುಕೊಂಡರು. ನಾನು ಒಳಗೆ ಹೋಗಬೇಕು, ಅಪ್ಪ ಹಿತ್ತಲ ಮಣ್ಣುಗೋಡೆಯ ಆಚೆ ಬೆನ್ನು ಹಚ್ಚಿ ಕೂರಬೇಕು. ನನ್ನ ಕೈಗೆ ಸಿಕ್ಕಿದ್ದನ್ನು ನಾನು ಕೂಗಿ ಹೇಳಬೇಕು, ಅವನು ಗೋಡೆಯ ಮೇಲಿಂದ ದಾರಿ ಹೇಳಬೇಕು. ನನ್ನ ಕೈ ಸಣ್ಣದು, ಅದೊಂದು ಅನುಕೂಲ. ಗೋಡೆಯಾಚೆ ಎಂದರೆ ಓಣಿ, ಓಣಿಯೆಂದರೆ ಬೇರೆ ಕೆಲಸವಿಲ್ಲದ ಗಂಡಸರು. ಅವರು ನಿಂತು ಕೇಳುತ್ತಿದ್ದರು. ಅಪ್ಪನಿಗೆ ‘ಸೂಲಗಿತ್ತಿ’ ಎಂದು ಹೆಸರು ಬಿತ್ತು. ಸೂಲಗಿತ್ತಿ ಇಮಾಮಸಾಬ. ನಾನು ಸೂಲಗಿತ್ತಿಯ ಮಗಳು. ಸಾಲೆಯಲ್ಲಿ ನನ್ನ ಪಕ್ಕ ಕೂತ ಹುಡುಗಿ ತನ್ನ ರೊಟ್ಟಿಯ ಗಂಟನ್ನು ಆ ಕಡೆಗೆ ಸರಿಸಿಡುತ್ತಿದ್ದಳು. ನಾನು ಕೈಯನ್ನು ಎಷ್ಟು ತಿಕ್ಕಿ ತೊಳೆದರೂ ನನಗೇ ವಾಸನೆ ಬರುತ್ತಿತ್ತು. ನಿಜಕ್ಕೂ ಬರುತ್ತಿತ್ತೋ ಇಲ್ಲವೋ ಈಗ ಹೇಳಲಾರೆ. ನನಗೆ ನಾಚಿಕೆಯಾಗುತ್ತಿತ್ತು, ಅಪ್ಪನದು, ನನ್ನದು, ನನ್ನ ಕೈಗಳದು, ಗೋಡೆಯ ಮೇಲಿಂದ ನಾನೇ ಕೂಗಿದ ಮಾತುಗಳದು. ಅಪ್ಪ ಮಾತ್ರ ಆ ಹೆಸರಿಗೂ ಓಗೊಡುತ್ತಿದ್ದ. ಅದನ್ನು ಕಂಡರೆ ಅಕ್ಕನಿಗೆ ಮೈಯೆಲ್ಲ ಉರಿ.

ಆಗ ಅಸಂಗಿಯಿಂದ ಅಕ್ಕನನ್ನು ನೋಡಲು ಬರುವುದಾಗಿ ಸುದ್ದಿ ಬಂತು. ಕಿರಾಣಿ ಅಂಗಡಿ ಇದ್ದವರು, ಹುಡುಗ ಓದಿದವನು. ಅವ್ವ ತೋಟಕ್ಕೆ ರಜೆ ಹಾಕಿ ಮನೆ ಸಾರಿಸಿದಳು, ಪಡಸಾಲೆಗೆ ಹೊಸ ಚಾದರ ಹಾಸಿದಳು, ಗೂಟದ ಮೇಲಿನ ಬಿಲ್ಲಿನ ಧೂಳು ಕೊಡವಿ ಎಲ್ಲರ ಕಣ್ಣಿಗೆ ಬೀಳುವಂತೆ ತೂಗುಹಾಕಿದಳು. ಕೋಳಿಗಳನ್ನು ಬುಟ್ಟಿಯಡಿ ಮುಚ್ಚಿದಳು. ಇನ್ನೊಂದು ಆಡನ್ನು ಮುಂಜಾನೆಯೇ ಮೇಯಲು ಕಳಿಸಿದ್ದಳು. ಕೊನೆಗೆ ಚಾಂದಿಯ ಹಗ್ಗ ಬಿಚ್ಚಿದಳು. ಚಾಂದಿ ನಮ್ಮ ಕರಿ ಆಡು, ಹಣೆಯ ಮೇಲೆ ಬಿಳಿ ಚುಕ್ಕೆಯಿದ್ದದ್ದು, ತುಂಬು ಗಬ್ಬ. ಅದನ್ನು ಪಕ್ಕದ ಮನೆಯ ಸೋನವ್ವನ ಹಿತ್ತಲಲ್ಲಿ ಕಟ್ಟಬೇಕೆಂದು ಅವ್ವನ ಲೆಕ್ಕ. ಎರಡು ಹಿತ್ತಲಿಗೂ ನಡುವೆ ಒಂದೇ ಗೋಡೆ.

“ಇವತ್ತ ಅದನ್ನ ಕದಲಸಬ್ಯಾಡ,” ಎಂದ ಅಪ್ಪ. “ಬಾಲದ ಬುಡ ಇಳದೈತಿ, ಕೆಚ್ಚಲ ತುಂಬೈತಿ. ಇವತ್ತಿಲ್ಲಾ ನಾಳಿ ಈಯತೈತಿ. ಜಾಗಾ ಬದಲಿ ಆದ್ರ ಗಾಬರಿ ಬೀಳತೈತಿ.”

“ನಿಮಗ ಆಡಿನ ಬಾಣಂತನ ದೊಡ್ಡದೋ, ಮಗಳ ಲಗ್ನ ದೊಡ್ಡದೋ? ಇವತ್ತೊಂದಿನ ಆಡಿನ ಸುದ್ದಿ ತಗೀಬ್ಯಾಡ್ರಿ. ಕೇಳಿದ್ರ ಗಾದಿ ಸುದ್ದಿ ಮಾತಾಡ್ರಿ. ನಿಮ್ಮ ಕಾಲ ಬೀಳತೀನಿ.”

ಅಪ್ಪ ಅಕ್ಕನ ಕಡೆ ನೋಡಿದ. ಅವಳ ಕಣ್ಣು ತುಂಬಿತ್ತು. ಅವನೇ ಎದ್ದು ಚಾಂದಿಯನ್ನು ಎಳೆದುಕೊಂಡು ಹೋಗಿ ಸೋನವ್ವನ ಹಿತ್ತಲಲ್ಲಿ ಕಟ್ಟಿ ಬಂದ. ಬಂದವನು ಬಿಳಿ ನೆಹರು ಅಂಗಿ ಹಾಕಿಕೊಂಡು ಪಡಸಾಲೆಯಲ್ಲಿ ಕುಳಿತ. ನನಗೂ ಹೊಸ ಬಟ್ಟೆ. ಕೈಗೆ ಅತ್ತರು ಹಚ್ಚಿಕೊಂಡಿದ್ದೆ.

ಅಸಂಗಿಯವರು ಬಂದರು. ಗಂಡಸರು ಪಡಸಾಲೆಯಲ್ಲಿ, ಹೆಂಗಸರು ನಡುಮನೆಯಲ್ಲಿ. ಹುಡುಗನ ಕಾಕಾ ಮಾತುಗಾರ, ಅರ್ಧ ದಖ್ಖನಿ ಅರ್ಧ ಕನ್ನಡ. ಅಪ್ಪ ಅವರಿಗೆ ಉದ್ದ ಎಳೆಯ ಲಾಂಗ್ ಸ್ಟೇಪಲ್ ಹತ್ತಿಗೂ ಜವಾರಿ ಹತ್ತಿಗೂ ಏನು ಫರಕು ಎಂದು ಹೇಳುತ್ತಿದ್ದ. ಎಲ್ಲ ಸುರಳೀತ ನಡೆದಿತ್ತು. ಚಹಾದ ಹೊತ್ತಿಗೆ ಗೋಡೆಯಾಚೆಯಿಂದ ಚಾಂದಿ ಒದರಿತು. ಆಡು ಹಸಿವಿಗೆ ಒದರುವುದು ಬೇರೆ, ಮರಿಯನ್ನು ಕರೆಯುವುದು ಬೇರೆ, ಇದು ಬೇರೆ. ಗಂಟಲ ತಳದಿಂದ ಎದ್ದು ಅರ್ಧಕ್ಕೆ ನಿಂತುಬಿಡುವ ದನಿ. ನಾನು ಬಾಗಿಲ ಸಂದಿಯಿಂದ ನೋಡಿದೆ. ಅಪ್ಪ ಬಾಯಿಗೆ ಒಯ್ದ ಬಸಿಯನ್ನು ಕುಡಿಯದೆ ಕೆಳಗಿಟ್ಟ.

“ಯಾರದ್ರೀ ಆಡು?” ಎಂದರು ಕಾಕಾ.

“ಬಾಜೂ ಮನಿಯವರದ್ರಿ,” ಎಂದ ಅಪ್ಪ.

ಅದು ಮತ್ತೆ ಒದರಿತು. ಅಪ್ಪ ಮತ್ತೆ ಹತ್ತಿಯ ಮಾತು ತೆಗೆದ. ಮತ್ತೆ ಒದರಿತು. ಅಪ್ಪನ ಮಾತು ಎಲ್ಲೋ, ಕಿವಿ ಎಲ್ಲೋ. ಸ್ವಲ್ಪ ಹೊತ್ತಿಗೆ ಸೋನವ್ವ ಓಡುತ್ತ ಬಂದು ನಮ್ಮ ಹೊಸ್ತಿಲಲ್ಲಿ ನಿಂತಳು. ಬೀಗರು ಬಂದಿರುವುದು ಅವಳಿಗೆ ಗೊತ್ತು, ಆದರೆ ಜೀವ ಹೋಗುವ ಹೊತ್ತಿನಲ್ಲಿ ಅದನ್ನೆಲ್ಲ ಯಾರು ನೆನಪಿಡುತ್ತಾರೆ.

“ಇಮಾಮಣ್ಣಾ, ಲಗೂನ ಬರ್ರಿ! ನೀರ ಒಡದು ಭಾಳ ಹೊತ್ತಾತು, ಬರೇ ಒಂದ ಕಾಲ ಹೊರಗ ಬಂದೈತಿ.”

“ನನಗ ಅದೆಲ್ಲಾ ಏನ ತಿಳೀತದವಾ? ಯಾರರೆ ಹೆಂಗಸರನ್ನ ಕೇಳು, ಹೋಗು.”

ಸೋನವ್ವನ ಮನೆಯ ಆಡುಗಳಿಗೆ ಎಷ್ಟೋ ಸಲ ಅವನೇ ದಾರಿ ಹೇಳಿದ್ದ. ಅವಳು ಪಡಸಾಲೆಯಲ್ಲಿದ್ದವರ ಮುಖ ನೋಡಿ ತಿರುಗಿ ಹೋದಳು. ಅಪ್ಪ ತಲೆ ಎತ್ತಲಿಲ್ಲ. ಅವನು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅವತ್ತೇ ಮೊದಲು, ಮತ್ತು ಅವನಿಗೆ ಅದು ಸ್ವಲ್ಪವೂ ಬರುತ್ತಿರಲಿಲ್ಲ. ನಡುಮನೆಯಲ್ಲಿ ಅವ್ವ ನಗುಮುಖದಲ್ಲೇ ನನ್ನ ತೋಳು ಚಿವುಟಿ ಕಿವಿಯಲ್ಲಿ ಹೇಳಿದಳು:

“ಹಿತ್ತಲ ಬಾಗಲದಿಂದ ಹೋಗು. ದನಿ ತಗೀಬ್ಯಾಡ.”

ಹೋದೆ. ಹೊಸ ಅಂಗಿಯ ತೋಳು ಮೇಲೇರಿಸಿ, ಸಾಬೂನು ಹಚ್ಚಿ ತೊಳೆದು, ಎಣ್ಣೆ ಸವರಿ ಕೈ ಹಾಕಿದೆ. ಸೋನವ್ವ ತಲೆ ಹಿಡಿದಿದ್ದಳು. ಹೊರಗಿದ್ದ ಕಾಲಿನ ಪಕ್ಕದಲ್ಲೇ ಇನ್ನೊಂದು ಕಾಲು ಸಿಕ್ಕಿತು. ಎರಡೂ ಮುಂಗಾಲು. ಎಳೆದರೆ ಬರುವ ಹಾಗಿತ್ತು. ಆದರೆ ಒಂದರಲ್ಲಿ ಮಿಸುಕಾಟವಿತ್ತು, ಇನ್ನೊಂದರಲ್ಲಿ ಇರಲಿಲ್ಲ. ಚಾಂದಿ ನೋವು ತಿಂದಾಗ ಒಳಗೆ ನನ್ನ ಕೈ ಬಾಗಿಲ ಸಂದಿಯಲ್ಲಿ ಸಿಕ್ಕಂತೆ ಮರಗಟ್ಟುತ್ತಿತ್ತು. ಗವಸಿನೊಳಗೆ ಯಾರೂ ಹೀಗೆ ಹಿಂಡಿರಲಿಲ್ಲ. ಗೋಡೆಯಾಚೆ ನಮ್ಮ ಹಿತ್ತಲಲ್ಲಿ ಬಳೆಯ ಸದ್ದು. ಬೀಗರ ಕಡೆಯ ಹುಡುಗಿಯರು ಕೈ ತೊಳೆಯಲು ಬಂದಿದ್ದರು, ನನ್ನದೇ ವಯಸ್ಸಿನವರು. ಅಪ್ಪಾ ಎಂದು ಒಂದು ಸಲ ಕೂಗಿದರೆ ಸಾಕಿತ್ತು. ದನಿ ತೆಗೆಯಬೇಡ ಎಂದು ಅವ್ವ ಹೇಳಿದ್ದಳು, ಅದು ಸರಿ. ಹೇಳದಿದ್ದರೂ ನನ್ನ ಬಾಯಿಂದ ಆಗ ದನಿ ಬರುತ್ತಿರಲಿಲ್ಲ. ಹಾಗೇ ಕೂತಿದ್ದೆ, ಕಾಲು ಹಿಡಿದುಕೊಂಡು, ಅಳುತ್ತ.

“ಶಮ್ಮೂ, ಕೈಗೆ ಏನ ಸಿಗತೈತಿ?”

ಗೋಡೆಯ ಮೇಲಿಂದ ಬಂತು. ಚಹಾ, ಹತ್ತಿ, ಕಾಕಾ ಎಲ್ಲ ಬಿಟ್ಟು ಅಪ್ಪ ನಮ್ಮ ಹಿತ್ತಲಿಗೆ ಬಂದು ಗೋಡೆಗೆ ಬೆನ್ನು ಹಚ್ಚಿ ಕುಳಿತಿದ್ದ, ಬೀಗಿತ್ತಿಯರ ನಡುವೆ.

“ಕಾಲು,” ಎಂದೆ, ನನಗೇ ಕೇಳದಷ್ಟು ಮೆಲ್ಲಗೆ.

“ಯಾವ ಕಾಲು?”

ನಾನು ಗೋಡೆಯ ಕಡೆ ನೋಡಿದೆ. ಬಳೆಯ ಸದ್ದು ನಿಂತಿತ್ತು, ಹುಡುಗಿಯರು ಕೇಳುತ್ತಿದ್ದರು.

“ಶಮ್ಮೂ, ನಾಚಿಗಿ ಆಮ್ಯಾಲ ಮಾಡಾಕ ಬರತೈತಿ. ಯಾವ ಕಾಲು?”

“ಎರಡೂ ಮುಂಗಾಲಪಾ!” ಎಂದು ಕಿರುಚಿದೆ. “ಆದ್ರ ಎರಡೂ ಒಂದ ಮರೀವಲ್ಲ!”

“ಶಾಣೇಕಿ. ಹೊರಗಿನ ಕಾಲಿನ ಬೆನ್ನ ಹತ್ತಿ ಭುಜದ ತನಕ ಹೋಗು. ಅಲ್ಲಿಂದ ಇಳದು ಅದರ ಜೋಡಿ ಕಾಲ ಹುಡುಕು. ಇನ್ನೊಂದ ಮರೀನ ಹಿಂದ ದೂಡು. ನೋವ ತಿನ್ನುವಾಗ ದೂಡಬ್ಯಾಡ, ನೋವ ಬಿಟ್ಟಾಗ ದೂಡು.”

ದೂಡಿದೆ, ಹುಡುಕಿದೆ, ತಲೆ ಸಿಕ್ಕಿತು, ಎಳೆದೆ. ಮೊದಲನೆಯದು ಬಂತು. ಮೂಗು ಒರೆಸಿದೆ, ಹುಲ್ಲಿನಿಂದ ಮೈ ತಿಕ್ಕಿದೆ, ಹಿಂಗಾಲು ಹಿಡಿದು ತೂಗಿದೆ. ಉಸಿರಿಲ್ಲ ಎಂದು ಕೂಗಿ ಹೇಳಿದೆ. ಗೋಡೆಯಾಚೆ ಅಪ್ಪ ಕೆಮ್ಮಿದ.

“ಅದನ್ನ ಬಾಜೂಕಿಡವಾ. ಇನ್ನೊಂದು ಬರತೈತಿ.”

ಇನ್ನೊಂದು ಬಂತು. ಸೀನಿತು. ಚಾಂದಿ ಅದನ್ನು ನೆಕ್ಕತೊಡಗಿದಾಗ ಸೋನವ್ವ ಗೋಡೆಯಾಚೆಗೆ ಕೇಳುವಂತೆ ಅಲ್ಲಾನನ್ನೂ ತನ್ನ ದೇವರನ್ನೂ ಒಟ್ಟಿಗೆ ನೆನೆದಳು. ನಾನು ಮೊಣಕೈ ತನಕ ರಕ್ತ ಮೆತ್ತಿಕೊಂಡು ನಮ್ಮ ಹಿತ್ತಲಿಗೆ ಬಂದೆ. ಬೀಗರ ಹುಡುಗಿಯೊಬ್ಬಳು ತನ್ನ ಬಟ್ಟೆ ಎತ್ತಿ ಹಿಡಿದು ದಾರಿ ಬಿಟ್ಟಳು. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಜರಿಯ ಓಢಣಿ ಹೊದ್ದು, ಮುಖ ಸುಣ್ಣದ ಗೋಡೆಯಂತೆ ಬಿಳಿಚಿ ನಿಂತಿದ್ದಳು. ಬಂದವರು ಜಗಳವಾಡಲಿಲ್ಲ, ಮೂಗು ಮುರಿಯಲಿಲ್ಲ. ಹೊರಡುವಾಗ ಕಾಕಾ ಮೆಟ್ಟು ಹಾಕಿಕೊಳ್ಳುತ್ತ, ತಮ್ಮಷ್ಟಕ್ಕೆ ಎಂಬಂತೆ ಅಂದರು:

“ಗಾದಿ ಹೊಲೀತಾರ ಅಂತ ಕೇಳಿದ್ವಿ.”

ಅವರ ಕಡೆಯಿಂದ ಮತ್ತೆ ಸುದ್ದಿ ಬರಲಿಲ್ಲ. ಬರುವುದಿಲ್ಲ ಎಂದು ಅವತ್ತೇ ನಮಗೆ ಗೊತ್ತಿತ್ತು. ಸಂಜೆ ಅಪ್ಪ ಬೇವಿನ ಬುಡದಲ್ಲಿ ಸತ್ತ ಮರಿಯನ್ನು ಮಣ್ಣು ಮಾಡುತ್ತಿದ್ದ. ಅಕ್ಕ ಮೂಗು ಮುಚ್ಚಿಕೊಳ್ಳದೆ ಹಿತ್ತಲಿಗೆ ಬಂದಳು.

“ಇನ್ನ ಸ್ವಲ್ಪ ಹೊತ್ತ ಸುಮ್ಮ ಕುಂತಿದ್ರ ಏನಾಗತಿತ್ತಪಾ? ಇನ್ನ ಸ್ವಲ್ಪ ಹೊತ್ತ!”

“ಸುಮ್ಮ ಕುಂತದ್ದಕ್ಕ ಅಲ್ಲೇನವಾ ಇದು ಸತ್ತಿದ್ದು,” ಎಂದ ಅಪ್ಪ. ಸಲಿಕೆಯನ್ನು ನೆಲಕ್ಕೂರಿ ಕೆಮ್ಮಿದ. “ಚಾಂದಿ ದಿನಾ ನನ್ನ ಜೋಡಿ ಇದ್ದದ್ದು. ಅದು ಒದರೂದ ಕೇಳಕೋತ, ನಮ್ಮದಲ್ಲ ಅಂದ್ನಿ. ನನಗ ತಿಳಿಯೂದಿಲ್ಲ ಅಂದ್ನಿ. ಇಷ್ಟ ನಾಚಿಗಿ ನನಗ ಜಲಮದಾಗ ಆಗಿರಲಿಲ್ಲ.”

ನಾವು ಮೂವರು ಹೆಂಗಸರು ಅವನು ಬಾಯಿ ತೆರೆದದ್ದಕ್ಕೆ ನಾಚಿ ಸತ್ತಿದ್ದೆವು. ಅವನು ಬಾಯಿ ಮುಚ್ಚಿಕೊಂಡಿದ್ದಕ್ಕೆ ನಾಚಿದ್ದ. ಒಂದೇ ಸೂರಿನಡಿ ಇಷ್ಟು ನಾಚಿಕೆ ತುಂಬಿದ್ದರೂ ಯಾರದೂ ಯಾರಿಗೂ ತಾಗಿರಲಿಲ್ಲ. ಅಕ್ಕ ತಿರುಗಿ ಒಳಗೆ ಹೋದಳು. ಆಮೇಲೆ ಎಷ್ಟೋ ದಿನ ಅವಳು ಅಪ್ಪನಿಗೆ ರೊಟ್ಟಿ ಬಡಿಸುತ್ತಿದ್ದಳು, ಮಾತಾಡಿಸುತ್ತಿರಲಿಲ್ಲ.

ಮುಂದಿನ ಸುಗ್ಗಿ ಮುಗಿದ ಮೇಲೆ ಸಂಖದ ಕಡೆಯವರು ನೋಡಲು ಬಂದರು. ಅವ್ವ ಮತ್ತೆ ಸಾರಿಸಿದಳು, ಬಿಲ್ಲಿನ ಧೂಳು ಕೊಡವಿದಳು, ಹಿತ್ತಲಿಗೆ ಹೋಗಿ ಹಗ್ಗಕ್ಕೆ ಕೈ ಹಾಕಿದಳು. ಅಪ್ಪ ಬಂದು ಆ ಕೈಯ ಮೇಲೆ ಕೈಯಿಟ್ಟ. ಆಡುಗಳು ಇದ್ದಲ್ಲೇ ಉಳಿದವು. ಬಂದವರು ಮೆಟ್ಟು ಬಿಡುವ ಮೊದಲೇ, ನೀರು ಸಹ ಕೊಡುವ ಮೊದಲೇ, ಅಪ್ಪ ಪಡಸಾಲೆಯ ನಡುವೆ ನಿಂತು ಮಾತು ಶುರು ಮಾಡಿದ.

“ನಾ ಇಮಾಮಸಾಬ್ರಿ. ಮೊದಲ ಗಾದಿ ಹೊಲೀತಿದ್ನಿ. ಈಗ ಆಡು, ಕೋಳಿ ನೋಡಕೋತೀನಿ. ಮಂದಿ ಆಡ ಈಯಾಕ ಬಂದ್ರ ನನ್ನ ಕರೀತಾರ. ಊರಾಗ ನನಗ ಸೂಲಗಿತ್ತಿ ಅಂತಾರ್ರಿ. ಇದನ್ನ ಕೇಳಿ, ಕುಂದರೂದಿದ್ರ ಕುಂದ್ರಿ.”

ನಡುಮನೆಯಲ್ಲಿ ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ನನಗೆ. ಹೇಳಲಿ, ಆದರೆ ಇಷ್ಟು ಜೋರಾಗಿ ಯಾಕೆ ಹೇಳಬೇಕು? ಹೊರಗೆ ಯಾರೋ ನಕ್ಕರು, ಯಾರೋ ಗಂಟಲು ಸರಿಮಾಡಿಕೊಂಡರು. ಕೊನೆಗೆ ಹುಡುಗನ ತಂದೆ ಕುಳಿತ ಸದ್ದಾಯಿತು.

“ಗಂಡಸರಾಗಿ ಒಬ್ಬರ ಹೆಂಗ ಮಾಡತೀರಿ?” ಎಂದು ಅವರು ಕೇಳಿದರು. ಅದು ಕುಚೇಷ್ಟೆಯೋ ನಿಜವಾದ ಪ್ರಶ್ನೆಯೋ ದನಿಯಿಂದ ತಿಳಿಯಲಿಲ್ಲ.

“ಒಬ್ಬಾಂವ ಎಲ್ಲಿದ್ರಿ. ನಾ ಗ್ವಾಡಿ ಆಚೆ ಕುಂತ ಹೇಳಾಂವ ಅಷ್ಟ. ಮಾಡಾಕಿ ನನ್ನ ಸಣ್ಣ ಮಗಳು. ಶಮ್ಮೂ, ಹೊರಗ ಬಾರವಾ.”

ನಾನು ಬಾಗಿಲ ಹಿಂದೆ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡೆ. ಅವನು ಮತ್ತೆ ಕರೆದ. ಆ ದನಿಯಲ್ಲಿ ಹೆಮ್ಮೆ ಇತ್ತು. ಆಗ ನನಗೆ ಅದನ್ನೇ ತಾಳಲಾಗಲಿಲ್ಲ. ಹೋಗಲಿಲ್ಲ. ಅವತ್ತು ಮುರಿದುಬೀಳುವುದೇನಿದ್ದರೂ ಅಕ್ಕನ ಬದುಕು, ನನ್ನದಲ್ಲ. ಅವಳು ಚಹಾದ ತಾಟು ಹಿಡಿದು ಕರೆಗಾಗಿ ಕಾಯುತ್ತ ನನ್ನ ಪಕ್ಕದಲ್ಲೇ ನಿಂತಿದ್ದಳು. ನನ್ನ ಮುಖ ನೋಡಿದಳು, ಕಂಕುಳಲ್ಲಿದ್ದ ಕೈ ನೋಡಿದಳು. ಆಮೇಲೆ ಯಾರೂ ಕರೆಯದೆಯೇ ಪಡಸಾಲೆಗೆ ನಡೆದಳು. ಹೆಣ್ಣು ನೋಡಲು ಬಂದವರ ಎದುರು ಹುಡುಗಿ ತಲೆ ತಗ್ಗಿಸಿರಬೇಕು, ಕೇಳಿದ್ದಕ್ಕಷ್ಟೇ ಹೂಂ ಅನ್ನಬೇಕು. ತಾಟನ್ನು ಅವರ ಮುಂದಿಟ್ಟು ಅಕ್ಕ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

“ಆಕಿ ನಾಚತಾಳ್ರಿ. ಆದ್ರ ಆಕೀಗೆ ಎಲ್ಲಾ ಬರತೈತಿ. ನಮ್ಮ ಅಪ್ಪ ಕಲಿಸ್ಯಾನ.”

ಆ ಮನೆಗೇ ಅಕ್ಕ ಸೊಸೆಯಾಗಿ ಹೋದಳು. ಅದನ್ನು ಯಾರು ಯಾವಾಗ ನಿಕ್ಕಿ ಮಾಡಿದರೋ ನನಗೆ ನೆನಪಿಲ್ಲ. ಅವತ್ತು ಅವರೆಲ್ಲ ಎದ್ದು ಹಿತ್ತಲಿಗೆ ಆಡು ನೋಡಲು ಹೋದಾಗಲೂ ನಾನು ಬಾಗಿಲ ಹಿಂದೆಯೇ ನಿಂತಿದ್ದೆ.